ಉಡುಗೊರೆ ಮೀಮಾಂಸೆ: ಪುತ್ರಕಾಂಡ

1. ವಿಷಯ ಪ್ರವೇಶ

ಮಂಗಳೂರು ಸೀಮೆಯ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ತಿಂಗಳಿಗೆ ಸಂಬಂಧಿಸಿದ ಶಾಸ್ತ್ರಗಳೆಲ್ಲ ಬಹುಪಾಲು ಇತ್ಯರ್ಥವಾಗಿವೆ. ಕ್ರಿಸ್ಮಸ್ ಗೋದಲಿಯಲ್ಲಿ ಕುರಿ ಎಲ್ಲಿ ನಿಲ್ಲಬೇಕು, ಒಂಟೆ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಕ್ರಮವಿದೆ. ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಮೊದಲು ಯಾವ ಮನೆಗೆ ಹೋಗಬೇಕು ಎಂಬುದಕ್ಕೆ ಅದಕ್ಕಿಂತ ಕಟ್ಟುನಿಟ್ಟಾದ ಕ್ರಮವಿದೆ. ಆ ತಿಂಡಿಗಳಲ್ಲೊಂದಾದ ಕಿಡಿಯೊ ಉರುಳಿಸಲು ಫೋರ್ಕಿನ ಬೆನ್ನು ಶ್ರೇಷ್ಠವೋ ಬಾಚಣಿಗೆ ಶ್ರೇಷ್ಠವೋ ಎಂಬ ಪ್ರಶ್ನೆಯಲ್ಲಿ ಎರಡು ಪಂಥಗಳಿದ್ದರೂ ಎರಡೂ ಪಂಥದವರು ಕಿಡಿಯೊವನ್ನು ಸಮಾನವಾಗಿಯೇ ತಿನ್ನುತ್ತಾರೆ. ಆದರೆ ಮಗನಿಗೆ ಯಾವ ವಯಸ್ಸಿನಲ್ಲಿ ಯಾವ ಉಡುಗೊರೆ ಕೊಡಬೇಕು ಎಂಬ ವಿಷಯದಲ್ಲಿ ಮಾತ್ರ ಒಂದು ಪ್ರಮಾಣಗ್ರಂಥವಿಲ್ಲ. ಇದರ ಫಲವನ್ನು 24ರ ಸಂಜೆ ಹಂಪನಕಟ್ಟೆಯ ಅಂಗಡಿಗಳಲ್ಲಿ ಕಾಣಬಹುದು. ಅಲ್ಲಿ ಸುಶಿಕ್ಷಿತ ಗೃಹಸ್ಥರು 'ಏಳು ವರ್ಷದ ಹುಡುಗನಿಗೆ ಏನಾದ್ರೂ ಒಂದು ಕೊಡಿ ಮಾರಾಯ್ರೆ' ಎಂದು ಅಂಗಲಾಚುತ್ತಿರುತ್ತಾರೆ.

ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗಿಸಲು ಹೊರಟಿದೆ. ವ್ಯಾಪ್ತಿ ಗಂಡುಮಕ್ಕಳಿಗೆ ಸೀಮಿತ. ಹೆಣ್ಣುಮಕ್ಕಳು ತಮಗೇನು ಬೇಕೆಂಬುದನ್ನು ನವೆಂಬರಿನಲ್ಲೇ ಬಣ್ಣಸಮೇತ ಹೇಳಿಬಿಡುವುದರಿಂದ ಅಲ್ಲಿ ಸಂಶೋಧನೆಗೆ ಅವಕಾಶ ಕಡಿಮೆ.

2. ಪೂರ್ವಸೂರಿಗಳು

ಈ ಕ್ಷೇತ್ರದ ಆದ್ಯ ಆಚಾರ್ಯರು ಮತ್ತಾಯನ ಸುವಾರ್ತೆಯಲ್ಲಿ ಬರುವ ಮೂಡಣ ದೇಶದ ಜೋಯಿಸರು. ಅವರು ತಂದದ್ದು ಚಿನ್ನ, ಧೂಪ, ರಕ್ತಬೋಳ. ಮೂರು ವಸ್ತುಗಳಿದ್ದುದರಿಂದ ಜೋಯಿಸರೂ ಮೂವರೇ ಎಂದು ನಂತರದವರು ಎಣಿಸಿದರು, ಸುವಾರ್ತೆಯಲ್ಲಿ ಸಂಖ್ಯೆಯಿಲ್ಲ. ರಕ್ತಬೋಳವೆಂದರೆ ಹೆಣಕ್ಕೆ ಪೂಸುವ ಸುಗಂಧದ್ರವ್ಯವೂ ಹೌದು. ಹಸುಗೂಸಿಗೆ ಅದನ್ನು ತಂದವರು ಮಹಾಜ್ಞಾನಿಗಳೆಂಬುದನ್ನು ಗಮನಿಸಿದರೆ, ವಯಸ್ಸು ನೋಡದೆ ಉಡುಗೊರೆ ಆರಿಸುವುದು ವಿದ್ವಾಂಸರ ಪುರಾತನ ಲಕ್ಷಣವೆಂದು ಸಿದ್ಧವಾಗುತ್ತದೆ. ಅವರ ಹಬ್ಬ ಬರುವುದು ಜನವರಿ 6ಕ್ಕೆ. ಆದ್ದರಿಂದ ಕೊರಿಯರ್ ತಡವಾದರೆ ಅದನ್ನೂ ಸಂಪ್ರದಾಯಬಾಹಿರ ಎನ್ನುವಂತಿಲ್ಲ.

ಎರಡನೆಯವರು ನಾಲ್ಕನೇ ಶತಮಾನದ ಮೈರಾ ಪಟ್ಟಣದ ಬಿಷಪ್ ಸಂತ ನಿಕೊಲಸ್. ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆ ಗುಟ್ಟಾಗಿ ಚಿನ್ನದ ಗಂಟು ಹಾಕಿ ಹೋದರೆಂಬುದು ಅವರ ಪ್ರಸಿದ್ಧ ಕಥೆ. ಗಂಡುಹುಡುಗರ ಕಥೆ ಬೇರೆ: ಉಪ್ಪಿನ ತೊಟ್ಟಿಯಲ್ಲಿ ಸತ್ತುಬಿದ್ದಿದ್ದ ಮೂವರನ್ನು ಬದುಕಿಸಿ ಎಬ್ಬಿಸಿದರಂತೆ. ಹೆಣ್ಣುಮಕ್ಕಳಿಗೆ ಚಿನ್ನ, ಗಂಡುಮಕ್ಕಳಿಗೆ ಪ್ರಾಣ. ಅದಕ್ಕಿಂತ ಕಡಿಮೆ ಏನು ಕೊಟ್ಟರೂ ಗಂಡುಮಕ್ಕಳು ಮುಖ ಊದಿಸಿಕೊಳ್ಳುವುದಕ್ಕೆ ಇದೇ ಐತಿಹಾಸಿಕ ಕಾರಣವಿರಬೇಕು.

ಆಧುನಿಕರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ ಸ್ಮರಣೀಯರು. 1993ರ ಲೇಖನದಲ್ಲಿ ಅವರು, ಬಂದ ಉಡುಗೊರೆಗೆ ಪಡೆದವರು ಕಟ್ಟುವ ಬೆಲೆ ಕೊಟ್ಟವರು ತೆತ್ತ ಬೆಲೆಗಿಂತ ಕಡಿಮೆ, ಹೀಗೆ ಹತ್ತನೇ ಒಂದರಿಂದ ಮೂರನೇ ಒಂದು ಭಾಗದವರೆಗೆ ಗಾಳಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ನಮ್ಮ ಅಜ್ಜಿಯಂದಿರು ಇದೇ ಸಿದ್ಧಾಂತವನ್ನು 'ದುಡ್ಡು ದಂಡ' ಎಂಬ ಎರಡೇ ಪದಗಳಲ್ಲಿ ಹೇಳಿದ್ದರೂ ಅವರಿಗೆ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ.

3. ಮೂಲಸೂತ್ರ

ಸೂತ್ರ: ಉಡುಗೊರೆ ಮಗನ ವಯಸ್ಸಿಗಲ್ಲ, ಅಪ್ಪನ ಬಾಕಿಗೆ.

ಭಾಷ್ಯ: ಪ್ರತಿಯೊಬ್ಬ ತಂದೆಗೂ ಬಾಲ್ಯದ ಕೆಲವು ವಸೂಲಾಗದ ಬಾಕಿಗಳಿರುತ್ತವೆ: ಕೊಡಿಸದ ಸೈಕಲ್ಲು, ಮುಟ್ಟಗೊಡದ ಕ್ಯಾಮೆರಾ, ಗಾಜಿನ ಹಿಂದೆಯೇ ಉಳಿದ ರೈಲು. ಮಗ ಹುಟ್ಟಿದ ದಿನ ಈ ಖಾತೆ ಮರುತೆರೆಯುತ್ತದೆ. ಬಾಕಿ ತೀರಿಸುವ ಆತುರದಲ್ಲಿ ಉಡುಗೊರೆ ಯಾವಾಗಲೂ ಮಗನಿಗಿಂತ ಒಂದು ಅವಸ್ಥೆ ಮುಂದಿರುತ್ತದೆ.

4. ಅವಸ್ಥಾಭೇದ

ಶೈಶವ (0–2). ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯ ಪ್ರಕಾರ ಈ ಅವಸ್ಥೆಯಲ್ಲಿ ಮಗು ಜಗತ್ತನ್ನು ಇಂದ್ರಿಯ ಮತ್ತು ಚಲನೆಗಳ ಮೂಲಕ ಅರಿಯುತ್ತದೆ. ಅಂದರೆ ಬಾಯಿಗೆ ಹಾಕಿಕೊಳ್ಳುತ್ತದೆ. ಆದ್ದರಿಂದಲೇ ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಕೊಳವೆಯೊಂದನ್ನು ಗೊತ್ತುಮಾಡಿದ್ದಾರೆ. ಆಟಿಕೆಯಾಗಲಿ ಅದರ ಬಿಡಿಭಾಗವಾಗಲಿ ಅದರೊಳಗೆ ಪೂರ್ತಿ ಇಳಿದರೆ ಮಗುವಿನ ಗಂಟಲಿಗೂ ಇಳಿಯುತ್ತದೆಂದು ಅರ್ಥ. ಇಲ್ಲಿ ಆಲೆ ಮರವನ್ನು ಕಡೆದು ಅರಗಿನ ಬಣ್ಣ ಕೂಡಿಸಿದ ಚನ್ನಪಟ್ಟಣದ ಗಿಲಕಿ ಉತ್ತಮ. ಆದರೆ ತಂದೆ ತರುವುದು ಕ್ರಿಕೆಟ್ ಬ್ಯಾಟು. ಬ್ಯಾಟು ಕೊಳವೆಯೊಳಗೆ ಇಳಿಯುವುದಿಲ್ಲವಾದ್ದರಿಂದ ತಾಂತ್ರಿಕವಾಗಿ ಅದೂ ಉತ್ತೀರ್ಣ.

ಬಾಲ್ಯ (3–6). ಇದು ಬ್ಯಾಟರಿ ರೈಲಿನ ಕಾಲ. ಮಧ್ಯರಾತ್ರಿಯ ಬಲಿಪೂಜೆ ಮುಗಿಸಿ ಬಂದು ತೂಕಡಿಸಿದ ಮನೆ, ಬೆಳಗ್ಗೆ ಪೆಟ್ಟಿಗೆ ಬಿಚ್ಚುವ ಸದ್ದಿಗೆ ಏಳುತ್ತದೆ. ಮಗು ಬ್ಯಾಟರಿ ನುಂಗದಿರಲೆಂದು ರೈಲಿನ ಹೊಟ್ಟೆಯ ಮುಚ್ಚಳಕ್ಕೆ ಸಣ್ಣದೊಂದು ಸ್ಟಾರ್ ಸ್ಕ್ರೂ ಹಾಕಿರುತ್ತಾರೆ. ಮನೆಯಲ್ಲಿರುವ ಸ್ಕ್ರೂಡ್ರೈವರ್ ಅದರ ಇಮ್ಮಡಿ ದಪ್ಪ. ತಂದೆ ಚೂರಿಯ ತುದಿಯಿಂದ ತಿರುಗಿಸುತ್ತಾನೆ. ಸ್ಕ್ರೂವಿನ ತಲೆ ಸವೆದು ನುಣ್ಣಗಾಗುತ್ತದೆ, ಚೂರಿ ಜಾರಿ ಹೆಬ್ಬೆರಳಿಗೆ ತಾಗುತ್ತದೆ. ಹಬ್ಬದ ದಿನ ಬಾಯಿಗೆ ಬರಬಾರದ ಮಾತೊಂದು ಬರುತ್ತದೆ. ಅಂತೂ ರೈಲು ಹೊರಡುತ್ತದೆ. 'ತಡಿ, ಹೇಗೆ ಬಿಡೋದಂತ ತೋರಿಸ್ತೇನೆ' ಎಂದು ಕೂತ ತಂದೆ ಮಧ್ಯಾಹ್ನದ ಊಟಕ್ಕೆ ಏಳುತ್ತಾನೆ. ಮಗ ಅಷ್ಟರಲ್ಲಿ ಗೋದಲಿಯ ಬೈಹುಲ್ಲನ್ನು ಒಂಟೆಗೆ ತಿನ್ನಿಸುತ್ತಿರುತ್ತಾನೆ.

ಕೌಮಾರ (7–12). ಇಲ್ಲಿ 'ಆಟದ ಜೊತೆ ಪಾಠ' ಎಂಬ ದುರಾಸೆ ತಲೆಹಾಕುತ್ತದೆ. ಲೆಗೊ ಇದಕ್ಕೆ ಶ್ರೇಷ್ಠ ನಿದರ್ಶನ. ಎಂಟು ಗುಬ್ಬಿಯ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ವಿಧಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಆರನೆಯ ಇಟ್ಟಿಗೆ ಸೋಫಾದ ಪಕ್ಕ ಕತ್ತಲಲ್ಲಿ ಬಿದ್ದಿದ್ದು, ನೀರು ಕುಡಿಯಲು ಎದ್ದ ತಂದೆಯ ಅಂಗಾಲಿಗೆ ಜೋಡಣೆಯಾಗುವ ವಿಧವನ್ನು ಅವರು ಸೇರಿಸಿಕೊಂಡಿಲ್ಲ. ಪಟ್ಟಿಯನ್ನು ಪರಿಷ್ಕರಿಸಬೇಕು.

ಬೈಕಾವಸ್ಥೆ (13–18). ಈ ಅವಸ್ಥೆಯಲ್ಲಿ ಮಗನಿಗೆ ಬೇಕಾದದ್ದು ಒಂದೇ. ಗೇರಿನ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. ಅಷ್ಟರೊಳಗೆ ಅವನು ರಸ್ತೆಯಲ್ಲಿ ಅಪರಾಧವೆಸಗಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಪೋಷಕನಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಸವಾರಿ ಮಗನಿಗೆ, ಸೆರೆವಾಸ ಅಪ್ಪನಿಗೆ ಎಂದು ಶಾಸನವೇ ಹಂಚಿಕೊಟ್ಟ ಉಡುಗೊರೆ ಇದೊಂದೇ. ಹೀಗಾಗಿ ತಂದೆ ಪ್ರವೇಶ ಪರೀಕ್ಷೆಯ ಪುಸ್ತಕ ತರುತ್ತಾನೆ. ಮಗ 'ಥ್ಯಾಂಕ್ಸ್ ಪಪ್ಪಾ' ಎನ್ನುತ್ತಾನೆ. ವಾಲ್ಡ್‌ಫೋಗೆಲರ ನಷ್ಟದ ಪ್ರಮಾಣ ಇಲ್ಲಿ ನೂರಕ್ಕೆ ನೂರು ಮುಟ್ಟುತ್ತದೆಂಬುದು ನಮ್ಮ ಅಂದಾಜು.

ಪ್ರವಾಸ (22ರಿಂದ ಮುಂದೆ). ಮಗ ದುಬೈಗೋ ಮಸ್ಕತಿಗೋ ಹೋಗುತ್ತಾನೆ. ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು ಎಂಬ ಮೂರು ಕಟ್ಟುಪಾಡುಗಳನ್ನು ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ವಿವರಿಸಿದ್ದರು. ಮೂರನೆಯದು ಈಗ ಜಾರಿಗೆ ಬರುತ್ತದೆ: ಮಗ ತಂದೆಗೆ ಸ್ಮಾರ್ಟ್‌ಫೋನ್ ಕಳಿಸುತ್ತಾನೆ. 'ಪಪ್ಪಾ, ಹಾಗೆ ಒತ್ತಬಾರದು, ಮೆಲ್ಲ ಮುಟ್ಟಿದರೆ ಸಾಕು' ಎಂದು ಕಲಿಸುವ ಸರದಿ ಅವನದು. ತನಗೆ ಬೇಡದ ವಸ್ತುವನ್ನು ಸಂತೋಷದಿಂದ ಸ್ವೀಕರಿಸುವ ಕಷ್ಟ ಎಂಥದೆಂದು ತಂದೆಗೆ ಮೊದಲ ಬಾರಿಗೆ ಅರ್ಥವಾಗುತ್ತದೆ. ಮರಳಿ ಹೋಗುವುದು ಕುಸ್ವಾರಿನ ಡಬ್ಬ. ಅದನ್ನು ಆರಿಸಲು ಯಾವ ಶಾಸ್ತ್ರವೂ ಬೇಕಾಗಿಲ್ಲ.

5. ಅಪವಾದ

ತಾಯಂದಿರಿಗೆ ಮೂಲಸೂತ್ರ ಅನ್ವಯಿಸದು. ರೆಡಿಮೇಡ್ ಬರುವ ಮುಂಚೆ ಕ್ರಿಸ್ಮಸ್ಸಿಗೆಂದರೆ ಹೊಸ ಅಂಗಿ ಚಡ್ಡಿ ಮಾತ್ರ. ಅದೂ ದರ್ಜಿಗೆ 'ಬೆಳೆಯೋ ಹುಡುಗ, ಎರಡು ಇಂಚು ಒಳಗೆ ಮಡಚಿ ಹೊಲಿಯಿರಿ' ಎಂಬ ತಾಕೀತಿನೊಂದಿಗೆ. ಮುಂದಿನ ವರ್ಷ ಮಡಿಕೆ ಬಿಚ್ಚಿದರೆ ಅಂಗಿ ಮತ್ತೆ ಸರಿಹೊಂದುತ್ತಿತ್ತು, ಮಡಿಕೆಯಿದ್ದ ಗೆರೆಯ ಬಣ್ಣ ಮಾತ್ರ ಕಡುವಾಗಿರುತ್ತಿತ್ತು. ಮಗ ಬೆಳೆಯುತ್ತಾನೆಂಬುದನ್ನು ಲೆಕ್ಕಕ್ಕೆ ಹಿಡಿದ ಉಡುಗೊರೆ ಈ ಕ್ಷೇತ್ರದ ಇತಿಹಾಸದಲ್ಲೇ ಇದೊಂದು.

6. ಆಕ್ಷೇಪ ಮತ್ತು ಸಮಾಧಾನ

ಆಕ್ಷೇಪ: ಬಾಕಿ ಅಪ್ಪನದಾದರೆ, ಅಪ್ಪ ತನಗೇ ಒಂದು ರೈಲು ಕೊಂಡುಕೊಳ್ಳಬಾರದೇಕೆ?

ಸಮಾಧಾನ: ಐವತ್ತು ದಾಟಿದ ಗೃಹಸ್ಥ ನೆಲದ ಮೇಲೆ ಮಲಗಿ ಆಟಿಕೆ ರೈಲಿಗೆ ಕೂ ಎಂದರೆ ಮನೆಯವರು ಡಾಕ್ಟರಿಗೆ ಫೋನ್ ಮಾಡುತ್ತಾರೆ. ಪಕ್ಕದಲ್ಲಿ ಮಗು ಇದ್ದರೆ 'ಎಷ್ಟು ಒಳ್ಳೆಯ ಅಪ್ಪ' ಎನ್ನುತ್ತಾರೆ. ಮೊಮ್ಮಗನಿದ್ದರಂತೂ ಪೂರ್ಣ ರಕ್ಷಣೆ.

7. ನಿರ್ಣಯ ಮತ್ತು ವಿಧಿಗಳು

ಒಂದು: ಮಗನಿಗೆ ಕೊಡುವುದನ್ನು ಮಗನನ್ನೇ ಕೇಳಿ ತನ್ನಿ, ಅಪ್ಪನಿಗೆ ಬೇಕಾದದ್ದನ್ನು ಮೊಮ್ಮಗನ ಹೆಸರಲ್ಲಿ ತನ್ನಿ. ಎರಡು: ಐಎಸ್‌ಐ ಗುರುತು ನೋಡಿ ಕೊಳ್ಳಿ, 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಮೂರು: ಬಿಲ್ಲು ಎಸೆಯಬೇಡಿ. ನಾಲ್ಕು: ಬ್ಯಾಟರಿಯನ್ನೂ ತಕ್ಕ ಸ್ಕ್ರೂಡ್ರೈವರನ್ನೂ 24ರ ಸಂಜೆಯೇ ತಂದಿಡಿ. 25ರ ಬೆಳಗ್ಗೆ ಅಂಗಡಿ ತೆರೆದಿರುವುದಿಲ್ಲ, ಮೀಮಾಂಸೆಯಿಂದ ರೈಲು ಓಡುವುದೂ ಇಲ್ಲ.