ಷರಾ: ಡಬ್ಬಿ ಸರಿಯಿಲ್ಲ

ಸರ್ಕಾರಿ ನೌಕರಿ ಮಾಡಿದವರೆಲ್ಲ ಒಮ್ಮೆಯಾದರೂ ಒಬ್ಬ ರಾಯರ ಕೈಗೆ ಸಿಕ್ಕಿಯೇ ಇರುತ್ತಾರೆ. ಅವರು ಗೌಡರೋ ಪಾಟೀಲರೋ ಆಗಿರಬಹುದು. ಗುರುತು ಮಾತ್ರ ಒಂದೇ. ಕುರ್ಚಿಯ ಬೆನ್ನಿಗೆ ಟವೆಲ್ಲು, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು, ಮತ್ತು ನಿಮ್ಮ ಕಾಗದದಲ್ಲಿ ಎಂಟು ತಪ್ಪಿದ್ದರೂ ಒಂದನ್ನೇ ಹೇಳಿ ಕಳಿಸುವ ಸಂಯಮ. ಅದನ್ನು ಸರಿಮಾಡಿಕೊಂಡು ಹೋದರೆ ಎರಡನೆಯದು ಹೊರಬರುತ್ತದೆ. "ಹೋದ ಸಲವೇ ಹೇಳಬಹುದಿತ್ತಲ್ಲ ಸಾರ್" ಅಂದರೆ, "ಹೋದ ಸಲ ನೀವು ಕೇಳಲಿಲ್ಲವಲ್ಲ" ಎನ್ನುತ್ತಾರೆ.

ನಾನು ಮೇಷ್ಟ್ರಾಗಿದ್ದ ತಾಲ್ಲೂಕಿನ ಖಜಾನೆಯಲ್ಲಿ ಇದ್ದವರು ನಮ್ಮ ರಾಯರು. ನನ್ನ ಹೆಂಡತಿಯ ಪಿತ್ತಕೋಶದ ಕಲ್ಲು ತೆಗೆಸಿದ ಖರ್ಚಿನ ಬಿಲ್ಲು ಅವರ ಮುಂದೆ ಹೋಗಿತ್ತು. ಕಲ್ಲು ಹೊರಬರಲು ಒಂದು ಗಂಟೆ ಸಾಕಾಯಿತು. ದುಡ್ಡು ಹೊರಬರಲು ಹನ್ನೊಂದು ತಿಂಗಳು ಬೇಕಾಯಿತು. ಒಂದು ಚೀಟಿಗೆ ಮೇಲುರುಜು ಇಲ್ಲ ಅಂತ ಮೊದಲು ವಾಪಸ್. ಮೊತ್ತವನ್ನು ಅಕ್ಷರದಲ್ಲಿ ಬರೆದಿಲ್ಲ ಅಂತ ಮತ್ತೊಮ್ಮೆ. ಆಮೇಲಿನದನ್ನು ಇಲ್ಲಿ ಬೇಡ, ರಕ್ತದೊತ್ತಡ ಏರುತ್ತದೆ.

ನಿವೃತ್ತನಾಗಿ ಬೆಂಗಳೂರಿಗೆ ಬಂದು ಮಗನ ಅಪಾರ್ಟ್‌ಮೆಂಟ್ ಸೇರಿದ ಮೊದಲ ವಾರ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡ್ ನೋಡಿದೆ. ನೀರಿನ ಬಿಲ್ಲಿನ ಲೆಕ್ಕದ ಕೆಳಗೆ ಕೆಂಪು ಶಾಯಿಯಲ್ಲಿ ಯಾರೋ ಷರಾ ಬರೆದಿದ್ದರು: "ಕೂಡಿದ್ದು ತಪ್ಪು. ಮರುಸಲ್ಲಿಸಿ." ಆ ಅಕ್ಷರವನ್ನು ಕತ್ತಲಲ್ಲಿ ತೋರಿಸಿದರೂ ಗುರುತು ಹಿಡಿಯುತ್ತಿದ್ದೆ. ರಾಯರು ನಮ್ಮ ಮೇಲಿನ ಮನೆಯಲ್ಲೇ ಇದ್ದರು.

ಹಳೆಯದನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಸಂಜೆ ವಾಕಿಂಗು, ಒಂದೇ ಬೆಂಚು. ಹೀಗಿರುವಾಗ ಅವರ ಮಗಳು ಕೆನಡಾಕ್ಕೆ ಹೊರಟಳು. ಹೊರಡುವಾಗ ಮೂರು ವರ್ಷದ ಕೆಂಚು ಗಂಡು ಬೆಕ್ಕೊಂದನ್ನು ಅಪ್ಪ ಅಮ್ಮನ ಮಡಿಲಿಗೆ ಹಾಕಿ ಹೋದಳು. ಅವಳಿಟ್ಟ ಹೆಸರು ಜಿಂಜರ್. ರಾಯರು ಕಡತವನ್ನೂ ಕನ್ನಡದಲ್ಲೇ ಬರೆದವರು. ಒಂದೇ ದಿನದಲ್ಲಿ ಅದು ಶುಂಠಿಯಾಯಿತು. ಸಿಟ್ಟು ಬಂದಾಗ ಒಣಶುಂಠಿ.

ಸಿಟ್ಟು ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಮರಳಿನ ಡಬ್ಬಿ ತುಂಬಿಟ್ಟಿದ್ದರೂ ಶುಂಠಿ ಮೊದಲು ಬಾಗಿಲಿನ ಕಾಲೊರಸಿನ ಮೇಲೆ ಕೂತಿತು. ಮರುದಿನ ಸೋಫಾದ ಹಿಂದೆ. ಮೂರನೆಯ ದಿನ ರಾಯರಿಗೆ ನಿವೃತ್ತಿಯಂದು ಹೊದಿಸಿದ್ದ ಸನ್ಮಾನದ ಶಾಲಿನ ಮೇಲೆ.

"ಇಡೀ ಮನೇಲಿ ಅದೇ ಸಿಕ್ಕಿತೇ ಮೇಷ್ಟ್ರೇ?" ಎಂದು ರಾಯರು ಬೆಂಚಿನ ಮೇಲೆ ಕೂತು ಕೇಳಿದರು. ನಾನು ಆಕಾಶ ನೋಡಿದೆ. ಆ ಸನ್ಮಾನಕ್ಕೆ ಚಂದಾ ಕೊಟ್ಟವರಲ್ಲಿ ನಾನೂ ಒಬ್ಬ.

ನಾವು ನೀವಾದರೆ ಕೂಗಾಡುತ್ತೇವೆ. ರಾಯರು ರಿಜಿಸ್ಟರ್ ತೆರೆದರು. ನೂರು ಪುಟದ ನೋಟ್‌ಬುಕ್ಕಿಗೆ ಸ್ಕೇಲಿಟ್ಟು ಗೆರೆ ಎಳೆದು ಕ್ರಮಸಂಖ್ಯೆ, ದಿನಾಂಕ, ವೇಳೆ, ಸ್ಥಳ, ಸ್ವರೂಪ, ಷರಾ ಎಂದು ಆರು ಕಾಲಂ ಮಾಡಿದರು. "ಸ್ವರೂಪ" ಎಂಬಲ್ಲಿ ಒಂದು ಅಥವಾ ಎರಡು. ಜೊತೆಗೆ ಶಿಸ್ತುಕ್ರಮವೂ ನಡೆಯಿತು: ಬೆಕ್ಕಿನ ಕತ್ತು ಹಿಡಿದು, ಮೂಗನ್ನು ಅಪರಾಧದ ಸ್ಥಳಕ್ಕೆ ತೋರಿಸಿ, ಗದರುವುದು. ಶುಂಠಿ ಕಲಿತದ್ದು ಒಂದೇ ಪಾಠ: ರಾಯರನ್ನು ಕಂಡರೆ ದಿವಾನ್ ಕೆಳಗೆ ಓಡಬೇಕು. ಕ್ರಮಸಂಖ್ಯೆ ಐದರಿಂದ ಒಂಬತ್ತರವರೆಗೆ ಸ್ಥಳದ ಕಾಲಂನಲ್ಲಿ "ದಿವಾನ್ ಕೆಳಗೆ, ಕೈಗೆಟುಕದಲ್ಲಿ" ಎಂದೇ ಇದೆ.

ಹನ್ನೊಂದನೆಯದಾದ ಮೇಲೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಹೊರಟೆವು. ಬುಟ್ಟಿಯ ಮುಚ್ಚಳ ಒತ್ತಿ ಹಿಡಿಯುವ ಹುದ್ದೆ ನನ್ನದು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಬೆಕ್ಕಿನ ಹೊಟ್ಟೆ ಒತ್ತಿ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು. "ಮೊದಲು ಮೈ ನೋಡಬೇಕು ಅಂಕಲ್, ಬುದ್ಧಿ ಆಮೇಲೆ. ಗಂಡು ಬೆಕ್ಕಿನ ಮೂತ್ರನಾಳ ತುಂಬ ಸಣ್ಣದು. ಮತ್ತೆ ಮತ್ತೆ ಕೂತು ತಿಣುಕಿ ಒಂದು ಹನಿಯೂ ಬರಲಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, ಜೀವಕ್ಕೇ ಬರುತ್ತೆ" ಎಂದರು. ಶುಂಠಿಯ ಮೈ ಸರಿಯಾಗಿತ್ತು.

"ನಿಂತುಕೊಂಡು ಗೋಡೆಗೆ ಚಿಮ್ಮಿಸುತ್ತಾ, ಕೂತು ನೆಲದ ಮೇಲೆ ಮಾಡುತ್ತಾ?"

ರಾಯರು ರಿಜಿಸ್ಟರ್ ತೆಗೆದು ಬೆರಳಿಟ್ಟು ನೋಡಿದರು. "ಕೂತು. ಹನ್ನೊಂದಕ್ಕೆ ಹನ್ನೊಂದೂ ಕೂತು."

"ಹಾಗಾದ್ರೆ ಇದು ಗಡಿ ಗುರುತಿಸೋ ಚಾಳಿಯಲ್ಲ. ಆಪರೇಷನ್ ಬೇರೆ ಆಗಿದೆ. ಅಂಕಲ್, ನಿಮ್ಮ ಡಬ್ಬಿ ಬಗ್ಗೆ ಇದಕ್ಕೆ ಏನೋ ಆಕ್ಷೇಪಣೆ ಇದೆ."

ರಾಯರು ನೆಟ್ಟಗೆ ಕೂತರು. "ಆಕ್ಷೇಪಣೆ? ಏನು ಆಕ್ಷೇಪಣೆ?"

"ಬೆಕ್ಕು ಎಲ್ಲಾನೂ ಒಂದೇ ಸಲ ಹೇಳಲ್ಲವಲ್ಲ. ಒಂದೊಂದೇ ಸರಿಮಾಡಿ ನೋಡಬೇಕು."

ನನಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಹೊರಗೆ ಹೋಗಬೇಕಾಯಿತು.

ಮೊದಲನೆಯ ಆಕ್ಷೇಪಣೆ ವಾಸನೆಯದು. ಊದುಬತ್ತಿ ಆಯ್ದುಕೊಳ್ಳುವ ಧಾಟಿಯಲ್ಲಿ ರಾಯರು ಲ್ಯಾವೆಂಡರ್ ಪರಿಮಳದ ಮರಳು ತಂದಿದ್ದರು. ನಮಗೆ ಪರಿಮಳವಾದದ್ದು ಬೆಕ್ಕಿನ ಮೂಗಿಗೆ ಹೊಡೆತ. ವಾಸನೆಯಿಲ್ಲದ, ಒದ್ದೆಯಾದರೆ ಉಂಡೆ ಕಟ್ಟುವ ಬೆಂಟೊನೈಟ್ ಮಣ್ಣು ಬಂತು. ಜೊತೆಗೆ ಫಿನಾಯಿಲ್ ಬಾಟಲಿ ಮನೆ ಬಿಟ್ಟಿತು. ಫಿನಾಯಿಲ್ ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ಪಾದ ನೆಕ್ಕುತ್ತದೆ, ಅದನ್ನು ಅರಗಿಸುವ ಶಕ್ತಿ ಅದರ ಲಿವರಿಗಿಲ್ಲ, ಅದು ವಿಷ. ಗಲೀಜಾದ ಜಾಗಕ್ಕೆ ಎನ್‌ಜೈಮ್ ಇರುವ ದ್ರಾವಣ ಹಾಕಬೇಕು. ಬರೀ ನೀರಿನಲ್ಲಿ ಒರೆಸಿದರೆ ವಾಸನೆ ನಮಗೆ ಹೋಗುತ್ತದೆ, ಬೆಕ್ಕಿಗೆ ಉಳಿಯುತ್ತದೆ. ಆ ಉಳಿಕೆಯೇ ಅದಕ್ಕೆ ಹಳೆಯ ಆದೇಶದ ನಕಲು; ಮತ್ತೆ ಅಲ್ಲೇ ಹೋಗುತ್ತದೆ.

ಎರಡು ದಿನ ಶಾಂತಿ. ಮೂರನೆಯ ದಿನ ಕಾಲೊರಸು.

ಎರಡನೆಯ ಆಕ್ಷೇಪಣೆ ಜಾಗದ್ದು. ಡಬ್ಬಿ ಇದ್ದದ್ದು ವಾಷಿಂಗ್ ಮೆಷಿನ್ ಪಕ್ಕ. ಶುಂಠಿ ಧ್ಯಾನಸ್ಥವಾಗಿ ಕೂತ ಹೊತ್ತಿಗೆ ಸರಿಯಾಗಿ ಮೆಷಿನ್ ಗಿರಗಿರನೆ ನಡುಗಿ ಬಟ್ಟೆ ಹಿಂಡತೊಡಗಿದರೆ ಯಾವ ಮರ್ಯಾದಸ್ಥ ಕೂತಾನು? ಡಬ್ಬಿ ಮಗಳ ಖಾಲಿ ರೂಮಿಗೆ ವರ್ಗವಾಯಿತು.

ಮೂರನೆಯದು ಅಳತೆಯದು. ಡಬ್ಬಿ ಮರಿಯ ಕಾಲದ್ದು. ಶುಂಠಿ ಒಳಗೇ ನಿಲ್ಲುತ್ತಿತ್ತು, ಪಾಪ. ಹಿಂಭಾಗ ಮಾತ್ರ ಹೊರಗಿರುತ್ತಿತ್ತು. ಬೆಕ್ಕಿನ ಉದ್ದದ ಒಂದೂವರೆ ಪಟ್ಟಾದರೂ ಡಬ್ಬಿ ಇರಬೇಕಂತೆ. ರಾಯರು ದರ್ಜಿಯ ಟೇಪು ಹಿಡಿದು ಮೂಗಿನಿಂದ ಬಾಲದ ಬುಡದವರೆಗೆ ಅಳೆದರು. ಬೆಕ್ಕನ್ನು ಹಿಡಿದವನು ನಾನು, ಗೀರು ಈಗಲೂ ಇದೆ. ಹದಿನೆಂಟು ಇಂಚು. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಇಪ್ಪತ್ತೇಳು ಇಂಚಿನ ಪ್ಲಾಸ್ಟಿಕ್ ಟಬ್ಬು ಹುಡುಕಿ ತಂದು, ಒಂದು ಬದಿಯನ್ನು ಗರಗಸದಲ್ಲಿ ತಗ್ಗಿಸಿದೆವು.

ಆಮೇಲೂ ವಾರಕ್ಕೊಮ್ಮೆ ದಿವಾನ್ ಕೆಳಗೆ. ರಾಯರು ಕುಗ್ಗಿದರು. "ಏನು ಬೇಕು ಅಂತ ಬಾಯಿಬಿಟ್ಟು ಹೇಳಬಾರದೇ ಮೇಷ್ಟ್ರೇ ಇದು?" ಎಂದಾಗ ಅವರ ದನಿ ಕೇಳಿ ನನಗೆ ಖಜಾನೆಯ ಕಿಟಕಿಯ ಹೊರಗೆ ನಿಂತಿದ್ದ ನನ್ನ ದನಿಯೇ ಕೇಳಿದಂತಾಯಿತು.

ನಾಲ್ಕನೆಯದನ್ನು ಕಂಡುಹಿಡಿದವರು ರಾಯರ ಹೆಂಡತಿ. "ಅರ್ಧ ಇಂಚು ಮಣ್ಣು ಹಾಕ್ತಾರೆ, ವಾರಕ್ಕೊಂದು ಸಲ ತೆಗೀತಾರೆ. ಒಂದು ಮೂಟೆ ಎರಡು ತಿಂಗಳು ಬರಬೇಕಂತೆ ಇವರಿಗೆ. ನಾನಾದರೂ ಆ ಡಬ್ಬಿಗೆ ಹೋಗ್ತಿರಲಿಲ್ಲ" ಎಂದರು. ಉಳಿತಾಯ ರಾಯರ ರಕ್ತದಲ್ಲಿದೆ. ಎರಡಿಂಚಾದರೂ ಮಣ್ಣಿರಬೇಕು, ದಿನಾ ಜಾಲರಿ ಸೌಟಿನಲ್ಲಿ ತೆಗೆಯಬೇಕು, ಅದಲ್ಲದೆ ಒಂದು ಬೆಕ್ಕಿಗೆ ಎರಡು ಡಬ್ಬಿ ಇದ್ದರೆ ಉತ್ತಮ ಎಂದು ಡಾಕ್ಟರು ಫೋನಿನಲ್ಲಿ ಹೇಳಿದಾಗ ರಾಯರು ಸಿಡಿದರು: "ಒಂದು ಬೆಕ್ಕಿಗೆ ಎರಡೇ? ನಮ್ಮ ವಠಾರದಲ್ಲಿ ಇಪ್ಪತ್ತು ಜನಕ್ಕೆ ಒಂದೇ ಇತ್ತು!"

ನನ್ನ ಅಜ್ಜಿಯ ಮನೆಯ ಬೆಕ್ಕಿಗೆ ಹಿತ್ತಲೇ ಇತ್ತು. ಮಳೆಗಾಲದಲ್ಲಿ ಮಾತ್ರ ಅದು ತಣ್ಣಗಾದ ಒಲೆಯ ಬೂದಿಗೆ ಬರುತ್ತಿತ್ತು. ಬೆಳಗ್ಗೆ ಒಲೆ ಹಚ್ಚಲು ಹೋದ ಅಜ್ಜಿಯ ಬೈಗುಳವೇ ನಮಗೆ ಅಲಾರಂ. ಬೆಕ್ಕಿನ ಪೂರ್ವಿಕರು ಒಣ ನಾಡಿನ ಕಾಡುಬೆಕ್ಕುಗಳು. ಕಾಲಲ್ಲಿ ಕೆದಕಲು ಮೆತ್ತನೆಯ ಮಣ್ಣು ಸಿಕ್ಕರೆ ಅವಕ್ಕೆ ಸಮಾಧಾನ. ಅಮೆರಿಕದಲ್ಲೂ ಬೂದಿಯೇ ನಡೆಯುತ್ತಿತ್ತು. 1947ರಲ್ಲಿ ಮಿಷಿಗನ್‌ನ ಎಡ್ ಲೋ ಎಂಬಾತ ಮರಳು ಕೇಳಿ ಬಂದ ನೆರೆಯಾಕೆಗೆ ನೀರು ಹೀರುವ ಒಣ ಜೇಡಿಮಣ್ಣು ಕೊಟ್ಟ. ಅಲ್ಲಿಂದ ಬೆಕ್ಕಿನ ಮಣ್ಣು ಅಂಗಡಿಯ ಸರಕಾಯಿತು. ಹಿತ್ತಲನ್ನು ನಾವು ಮೂಟೆಯಲ್ಲಿ ಕೊಳ್ಳುತ್ತಿದ್ದೇವೆ. ಅದನ್ನೂ ಅರ್ಧ ಇಂಚು ಹಾಕಿದರೆ ಬೆಕ್ಕು ಒಪ್ಪುವುದು ಹೇಗೆ?

ಎರಡನೆಯ ಟಬ್ಬು ಬಂತು. ಮೂರು ವಾರ ಕಳೆದ ಮೇಲೆ ರಾಯರು ನನ್ನನ್ನು ಮೇಲೆ ಕರೆದು ರಿಜಿಸ್ಟರ್ ತೋರಿಸಿದರು. ಕೊನೆಯ ಸಾಲು: "ಸ್ಥಳ: ಡಬ್ಬಿ. ಷರಾ: ಪಾಸ್." ಕೆಂಪು ಶಾಯಿಯಲ್ಲಿ "ಪಾಸ್" ಎಂಬ ಪದವನ್ನು ಆ ಅಕ್ಷರದಲ್ಲಿ ನಾನು ಕಂಡದ್ದು ಅದು ಎರಡನೆಯ ಸಲ.

ರಾಯರು ಸೌಟು ಹಿಡಿದು, ಪಂಚೆ ಎತ್ತಿ ಕಟ್ಟಿ, ಮಣ್ಣನ್ನು ಜರಡಿ ಹಿಡಿಯುತ್ತಾ ಕೂತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ಎತ್ತದೆ ಕೇಳಿದರು: "ಮೇಷ್ಟ್ರೇ, ನಿಮ್ಮ ಮನೆಯವರ ಆ ಆಪರೇಷನ್ ಬಿಲ್ಲು. ಎಷ್ಟು ಸಲ ವಾಪಸ್ ಕಳಿಸಿದ್ದೆ?"

"ಐದು ಸಲ."

"ಇದು ನಾಲ್ಕೇ" ಎಂದರು. ಸೌಟು ಇನ್ನೆರಡು ಸಲ ಆಡಿತು. "ಐದನೆಯದು ಏನಿತ್ತು?"

"ಟ್ಯಾಗು ಎಡಗಡೆ ಕಟ್ಟಬೇಕಿತ್ತು. ನಾವು ಬಲಗಡೆ ಕಟ್ಟಿದ್ದೆವು."

ರಾಯರ ಕೈ ನಿಂತಿತು. ಮೊದಲು ಎರಡು ಟಬ್ಬುಗಳನ್ನು ನೋಡಿದರು. ಒಂದು ಎಡಕ್ಕಿತ್ತು, ಒಂದು ಬಲಕ್ಕಿತ್ತು. ಆಮೇಲೆ ದಿವಾನ್ ಕಡೆ ನೋಡಿದರು. ಅದರ ಮೇಲೆ ಶುಂಠಿ ಕಣ್ಣು ಅರೆಮುಚ್ಚಿ ಕೂತಿತ್ತು, ಥೇಟ್ ಕಡತ ಓದುವವರ ಹಾಗೆ.