ಓನರ್ ಬಂದ್ರು, ಲುಂಗಿ ಸರಿಮಾಡ್ಕೊಳ್ಳಿ

ಬೆಂಗಳೂರಿನ ಬಾಡಿಗೆದಾರರಲ್ಲಿ ಎರಡೇ ಜಾತಿ: ಓನರು ಅದೇ ಕಟ್ಟಡದಲ್ಲಿ ಇರುವವರು, ಓನರು ದೂರದೂರಲ್ಲಿ ಇರುವವರು. ಎರಡನೆಯವರನ್ನು ನೋಡಿ ಹೊಟ್ಟೆ ಉರಿದುಕೊಳ್ಳುವುದೇ ಮೊದಲನೆಯವರ ಬಾಳು. ನಾವು ಮೊದಲನೆಯವರು. ಓನರು ಕೆಳಗೆ, ನಾವು ಮೇಲೆ. ಮೇಲೆ ಎಂದರೆ ಮೆಟ್ಟಿಲ ಲೆಕ್ಕದಲ್ಲಿ ಮಾತ್ರ.

ನಮ್ಮ ಓನರ್ ಅಂಕಲ್ ಕೆಟ್ಟವರಲ್ಲ. ಬಾಗಿಲು ತಟ್ಟಿಯೇ ಒಳಗೆ ಬರುತ್ತಾರೆ. ಆದರೆ ಒಂದು ಕೈ ತಟ್ಟುತ್ತಿರುವಾಗಲೇ ಇನ್ನೊಂದು ಕೈ ಬಾಗಿಲು ತಳ್ಳಿರುತ್ತದೆ. ‘ಬಾಗಿಲು ತೆಗ್ದೇ ಇತ್ತಲ್ಲ, ಬಂದೆ’ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಬನಿಯನ್ನು ಲುಂಗಿಯಲ್ಲಿ ಕೂತ ಮನುಷ್ಯ ಇದಕ್ಕೆ ಏನು ಹೇಳಬೇಕು? ‘ಬನ್ನಿ ಅಂಕಲ್, ಕಾಫಿ ಕುಡೀತೀರಾ’ ಎನ್ನುತ್ತಾನೆ. ಕುಡಿಯುತ್ತಾರೆ.

ಬರಲು ಕಾರಣಗಳಿಗೆ ಬರವಿಲ್ಲ. ಬಚ್ಚಲ ಗೋಡೆಗೆ ತೇವ ಏರಿದೆಯೇ, ನಲ್ಲಿ ತೊಟ್ಟಿಕ್ಕುತ್ತಿದೆಯೇ, ಗೀಸರ್ ಆಫ್ ಮಾಡಿದ್ದೀವೇ. ಇವೆಲ್ಲ ನೆಪ. ಅವರ ಕಣ್ಣು ಹುಡುಕುವುದು ಮೊಳೆಯನ್ನು. ಕ್ಯಾಲೆಂಡರಿನ ಮೊಳೆಯ ಮುಂದೆ ನಿಂತು, ‘ಇದು ಮುಂಚೆ ಇತ್ತಾ?’ ಎಂದು ಕೇಳುವ ದನಿಯಲ್ಲಿ ಮಗನ ಕೈಯಲ್ಲಿ ಸಿಗರೇಟು ಕಂಡ ತಂದೆಯ ನೋವಿರುತ್ತದೆ.

ಆಂಟಿಯದು ಬೇರೆ ದಾರಿ. ಅವರು ಬಟ್ಟಲು ತುಂಬ ಹುಳಿ ಹಿಡಿದು ಬರುತ್ತಾರೆ. ಹುಳಿ ತಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವ ಧೈರ್ಯ ಯಾವ ಕನ್ನಡಿಗನಿಗಿದೆ? ನೇರ ಅಡುಗೆಮನೆಗೆ ಹೋಗಿ, ಬಟ್ಟಲಿಡುವ ಜಾಗ ನೋಡುವ ನೆಪದಲ್ಲಿ ಫ್ರಿಜ್ಜಿನ ಬಾಗಿಲು ತೆಗೆದು, ಮೊಟ್ಟೆಯ ಟ್ರೇ ಕಂಡು, ಏನೂ ಕಾಣದವರಂತೆ ಮುಚ್ಚುತ್ತಾರೆ. ಸಂಜೆ ಅಂಕಲ್ ಬಂದು ‘ವಾಸನೆ ಏನಾದ್ರೂ ಬರ್ತಿದ್ಯಾ?’ ಎಂದು ಗಾಳಿಯನ್ನು ವಿಚಾರಿಸುತ್ತಾರೆ. ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದಲ್ಲ, ನಮ್ಮವಳು ಚಿತ್ರಾನ್ನ ತುಂಬಿ ಕೊಡುತ್ತಾಳೆ. ಅದರ ಋಣ ತೀರಿಸಲು ಆಂಟಿ ಮತ್ತೆ ಬರುತ್ತಾರೆ.

ರೋಸಿಹೋಗಿ ಕಾಯ್ದೆ ಓದಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಬಾಡಿಗೆ ಕೊಟ್ಟುಕೊಂಡಿರುವವನು ಯಾರ ಅಡ್ಡಿಯೂ ಇಲ್ಲದೆ ಮನೆಯಲ್ಲಿರಬಹುದು ಎನ್ನುತ್ತದೆ. ಎದೆ ಉಬ್ಬಿತು. ಅದೇ ಕಲಂ ಸ್ವಲ್ಪ ಕೆಳಗೆ, ಯುಕ್ತವಾದ ಹೊತ್ತಿನಲ್ಲಿ ಮಾಲೀಕ ಬಂದು ಮನೆಯ ಸ್ಥಿತಿಗತಿ ನೋಡಲು ಬಿಡಬೇಕು ಎಂದೂ ಹೇಳುತ್ತದೆ. ಯುಕ್ತ ಹೊತ್ತು ಯಾವುದು? ಅಂಕಲ್ ಪ್ರಕಾರ, ಅವರು ವಾಕಿಂಗ್ ಮುಗಿಸಿದ ಹೊತ್ತು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಮೊರೆ ಹೋಗೋಣವೆಂದರೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಅದು ಹೊರಗಿಟ್ಟಿದೆ. ಆ ದುಡ್ಡಿಗೆ ಇವತ್ತು ಪೀಜಿಯಲ್ಲಿ ಒಂದು ಮಂಚ ಸಿಕ್ಕರೆ ಪುಣ್ಯ.

ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ತಂದಿತು. ಒಳಗೆ ಬರಬೇಕಾದರೆ ಮಾಲೀಕ 24 ಗಂಟೆ ಮುಂಚೆ ಲಿಖಿತವಾಗಿಯೋ ಮೊಬೈಲಿನಂಥ ಸಾಧನದಲ್ಲೋ ತಿಳಿಸಬೇಕು. ಯುದ್ಧ, ಪ್ರವಾಹ, ಬೆಂಕಿ, ಚಂಡಮಾರುತ, ಭೂಕಂಪದಂಥ ಸಂದರ್ಭದಲ್ಲಿ ಮಾತ್ರ ಹೇಳದೆ ನುಗ್ಗಬಹುದು. ಮೊಳೆ ಆ ಪಟ್ಟಿಯಲ್ಲಿ ಇಲ್ಲ, ಹುಳಿಯೂ ಇಲ್ಲ. ವಸತಿ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂದೂ ಅದರಲ್ಲಿದೆ. ಹತ್ತು ತಿಂಗಳದ್ದು ಕೊಟ್ಟು ಬಂದ ನಾನು ಆ ಸಾಲನ್ನು ಮತ್ತೆ ಮತ್ತೆ ಓದಿ ಆನಂದಪಟ್ಟೆ. ಆದರೆ ರಾಜ್ಯಗಳು ಒಪ್ಪಿ ತಮ್ಮದಾಗಿಸಿಕೊಂಡರಷ್ಟೇ ಅದಕ್ಕೆ ಜೀವ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆಧಾರ್ ವಿಚಾರದಲ್ಲಿ ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದವರು. ಇದನ್ನು ಹೆಮ್ಮೆಯಿಂದ ಅಂಕಲ್‌ಗೆ ಹೇಳಿದೆ. ‘ಬಹಳ ಒಳ್ಳೇ ತೀರ್ಪು. ಸರ್ಕಾರ ನಮ್ಮನೆಯೊಳಗೆ ಇಣುಕಬಾರದು’ ಎಂದವರೇ ನಮ್ಮ ಬೆಡ್‌ರೂಮಿನ ಕಿಟಕಿ ಚಿಲಕ ಪರೀಕ್ಷಿಸಲು ಎದ್ದರು.

ನನ್ನ ಪ್ರಕಾರ ತಕರಾರಿನ ಮೂಲ ಅಂಕಲ್ ಅಲ್ಲ, ಹನ್ನೊಂದು ತಿಂಗಳ ಕರಾರುಪತ್ರ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಲ್ಲ, ಅದಕ್ಕೇ ಹನ್ನೊಂದು. ಟೈಪಿಂಗ್ ಅಂಗಡಿಯ ಹುಡುಗ ಹಳೇ ಫೈಲು ತೆರೆದು ಹೆಸರು ಬದಲಿಸುತ್ತಾನೆ. ‘ಮಾಲೀಕರು ಬರುವ ಮುನ್ನ ತಿಳಿಸತಕ್ಕದ್ದು ಅಂತ ಒಂದು ಸಾಲು ಹಾಕಪ್ಪ’ ಎಂದೆ. ‘ಫಾರ್ಮ್ಯಾಟಲ್ಲಿ ಇಲ್ಲ ಸಾರ್’ ಎಂದ. ಪಕ್ಕದಲ್ಲೇ ನಿಂತಿದ್ದ ಅಂಕಲ್, ‘ನಾವೇನು ಹೊರಗಿನೋರಾ?’ ಎಂದು ನೊಂದುಕೊಂಡರು. ಸಾಲು ಅಲ್ಲಿಗೇ ಬಿತ್ತು.

ನೀವು ಹಾಗೆ ಬಿಡಬೇಡಿ. ಅಡ್ವಾನ್ಸಿನ ಸೊನ್ನೆ ಎಣಿಸುವಷ್ಟೇ ಶ್ರದ್ಧೆಯಿಂದ ಕರಾರು ಓದಿ, ‘ಒಂದು ದಿನ ಮುಂಚೆ ಫೋನ್ ಮಾಡತಕ್ಕದ್ದು’ ಎಂದು ಪೆನ್ನಿನಲ್ಲಾದರೂ ಬರೆದು ಇಬ್ಬರೂ ಪಕ್ಕದಲ್ಲಿ ಸಹಿ ಹಾಕಿ. ಆಮೇಲೆ ಮನೆ ಸಿಗದಿದ್ದರೆ ನನ್ನನ್ನು ಬೈಯಬೇಡಿ.