ಬಾಲ ಕಳಚಿದ ತೊಲೈಪೇಸಿ

ಹೊರನಾಡ ಕನ್ನಡಿಗ ಎಂದೊಡನೆ ಉಪ್ಪಿನಕಾಯಿ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿಕೊಂಡು ವಿಮಾನ ಹತ್ತಿ ಕಡಲಾಚೆ ನೆಲೆಸಿದವನ ಚಿತ್ರವೇ ಕಣ್ಣ ಮುಂದೆ ಬರುತ್ತದಾದರೂ, ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಕುಟುಂಬಗಳು ಈ ವರ್ಣನೆಗೆ ಒಗ್ಗುವುದಿಲ್ಲ. ಏಕೆಂದರೆ ಅವು ಎಲ್ಲಿಗೂ ಹೋದವಲ್ಲ. ಇಲ್ಲಿಯ, ಬಾರಾಮಹಲ್ ಎಂದು ಹೆಸರಾಗಿದ್ದ ಸೀಮೆಯನ್ನು 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. 1965ರಲ್ಲಿ ಸೇಲಂನಿಂದ ಧರ್ಮಪುರಿಯೂ 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯೂ ಹಿಸ್ಸೆಯಾದವು. ಇಷ್ಟೆಲ್ಲ ನಡೆಯುವಾಗ ಮಾರಂಡಹಳ್ಳಿ ಕಡೆಯ ರೈತನು ತನ್ನ ಹೊಲದಲ್ಲೂ ಸೇಲಂನ ದೇವಾಂಗ ನೇಕಾರನು ತನ್ನ ಮಗ್ಗದ ಕುಣಿಯಲ್ಲೂ ಇದ್ದಲ್ಲೇ ಇದ್ದು, ಕೂತಲ್ಲೇ ಹೊರನಾಡಿಗರಾದರು. ಹೊಗೇನಕಲ್ ಜಲಪಾತದ ಹೆಸರಿನಲ್ಲಿ ಹೊಗೆಯೂ ಕಲ್ಲೂ ಇಂದಿಗೂ ಕನ್ನಡದವೇ ಆಗಿದ್ದು, ಅದನ್ನು ನೋಡಲು ಬರುವ ಬಸ್ಸಿನ ಬೋರ್ಡು ಮಾತ್ರ ತಮಿಳಿನದು.

ಈ ಮನೆಗಳಲ್ಲಿ ಕನ್ನಡವು ಆಡುವ ಭಾಷೆ, ತಮಿಳು ಓದುವ, ಬರೆಯುವ ಮತ್ತು ಬೀದಿಯಲ್ಲಿ ಬಳಸುವ ಭಾಷೆ. ಎರಡರ ನಡುವಿನ ಗಡಿಯೆಂದರೆ ಮನೆಯ ಹೊಸ್ತಿಲು. ರೇಡಿಯೋ ಮತ್ತು ಟೀವಿಗಳು ಈ ಹೊಸ್ತಿಲನ್ನು ಮೊದಲೇ ದಾಟಿದ್ದವು ನಿಜ, ಆದರೆ ಅವು ತಮಿಳಿನಲ್ಲಿ ತಮ್ಮ ಪಾಡಿಗೆ ತಾವು ಮಾತಾಡುತ್ತಿದ್ದವೇ ಹೊರತು ಉತ್ತರ ಕೊಡು ಎಂದು ಯಾರನ್ನೂ ಪೀಡಿಸುತ್ತಿರಲಿಲ್ಲ. ಉತ್ತರ ಬೇಡಿದ ಮೊದಲ ಯಂತ್ರ ಟೆಲಿಫೋನು. ಅದು ಗಂಟೆ ಹೊಡೆದಾಗ ಆ ತುದಿಯಲ್ಲಿರುವವರು ನೂಲಿನ ವ್ಯಾಪಾರಿಯೋ ಬೆಂಗಳೂರಿನ ಸೋದರತ್ತೆಯೋ ತಿಳಿಯದಿರುವುದರಿಂದ ಯಾವ ಭಾಷೆಯಲ್ಲಿ ಬಾಯಿ ತೆರೆಯಬೇಕೆಂಬ ತೊಡಕು ಹುಟ್ಟಿತು. ಅದನ್ನು ಪರಿಹರಿಸಿದ್ದು ಯಾವ ಭಾಷಾ ಆಯೋಗವೂ ಅಲ್ಲ, 'ಯಾರು' ಎಂಬ ಪದ. ಆಡುದಮಿಳಿನಲ್ಲೂ ಕನ್ನಡದಲ್ಲೂ ಇದರ ರೂಪ ಒಂದೇ, ಅರ್ಥ ಒಂದೇ. ಆದ್ದರಿಂದ ಮನೆಯವರು 'ಅಲೋ, ಯಾರು?' ಎನ್ನುತ್ತಾರೆ. ಆ ಕಡೆಯವರೂ ಇದೇ ಸೀಮೆಯ ಚಾಲಾಕಿಗಳಾಗಿದ್ದರೆ 'ನಾನು' ಎನ್ನುತ್ತಾರೆ. ಅದೂ ಎರಡು ಭಾಷೆಗೂ ಸಲ್ಲುವ ಪದವೇ. 'ಇರು' ಎಂದರೂ ಗುಟ್ಟು ಬಯಲಾಗುವುದಿಲ್ಲ, 'ಅಮ್ಮಾ' ಎಂದು ಕೂಗಿದರೂ ಬಯಲಾಗುವುದಿಲ್ಲ. ಹೀಗೆ ಎರಡು ಕಡೆಯವರೂ ಜಾತಕ ತೋರಿಸದ ಬೀಗರಂತೆ ಒಂದಷ್ಟು ಹೊತ್ತು ಸತಾಯಿಸಿ, ಕೊನೆಗೆ ಒಬ್ಬರು ತಾಳ್ಮೆಗೆಟ್ಟು 'ಹೇಳು' ಎಂದರೆ ಕನ್ನಡವೆಂದೂ 'ಸೊಲ್ಲು' ಎಂದರೆ ತಮಿಳೆಂದೂ ಇತ್ಯರ್ಥವಾಗಿ ಮಾತು ಮುಂದುವರಿಯುತ್ತದೆ.

ಈ ನಾಟಕವೆಲ್ಲ ನಡೆಯುತ್ತಿದ್ದುದು ನಡುಮನೆಯಲ್ಲಿ, ಕಸೂತಿಯ ಹೊದಿಕೆ ಹೊದ್ದ ಪುಟ್ಟ ಮೇಜಿನ ಬಳಿ, ಎಲ್ಲರ ಕಿವಿಗೆ ಬೀಳುವಂತೆ; ಏಕೆಂದರೆ ಫೋನಿಗೆ ಸುರುಳಿ ಸುರುಳಿಯಾದ ಬಾಲವೊಂದಿದ್ದು, ಅದರ ಉದ್ದವೇ ಆ ಮನೆಯ ಮಾತಿನ ಸ್ವಾತಂತ್ರ್ಯದ ಉದ್ದವೂ ಆಗಿತ್ತು. ಈ ಬಾಲವನ್ನು ಕತ್ತರಿಸಿದ ಉಪಕರಣವೇ ಕಾರ್ಡ್‌ಲೆಸ್ ಫೋನು. ಹಿರಿಯರ ಬಾಯಲ್ಲಿ ಇದು 'ಕಾಟ್ಲೆಸ್ಸು'. ಕನ್ನಡ ಪಂಡಿತರು 'ನಿಸ್ತಂತು' ಎಂಬ ಪದವನ್ನು ಇಟ್ಟುಕೊಂಡಿದ್ದಾರಾದರೂ ಸೇಲಂನ ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳಿದವರು ಬರಿಗೈಲಿ ಬರಬೇಕಾದೀತು. ಆದರೆ ಈ ಯಂತ್ರಕ್ಕೆ ಅತ್ಯಂತ ಒಪ್ಪುವ ಹೆಸರು ತಮಿಳಿನ 'ತೊಲೈಪೇಸಿ' ಎಂಬುದು ಈ ಲೇಖನದ ಖಚಿತ ಅಭಿಪ್ರಾಯ. ತಮಿಳಿನಲ್ಲಿ 'ತೊಲೈ' ಎಂದರೆ ದೂರ, 'ಪೇಸಿ' ಎಂದರೆ ಮಾತಾಡುವಂಥದು. 'ತೊಲೈ' ಕ್ರಿಯಾಪದವಾದಾಗ ಕಳೆದುಹೋಗು ಎಂದು ಅರ್ಥ, ಕನ್ನಡದ 'ತೊಲಗು' ಇದರ ನೆಂಟ. ಗೋಡೆಗೆ ಕಟ್ಟಿಹಾಕಿದ ಫೋನು ದೂರದ ಮಾತಾಡುತ್ತಿತ್ತಷ್ಟೇ. ದಿನಕ್ಕೆ ನಾಲ್ಕು ಬಾರಿ ಹಾಸಿಗೆಯ ಮಡಿಕೆಯಲ್ಲೋ ಅಕ್ಕಿ ಡಬ್ಬದ ಹಿಂದೆಯೋ ತೊಲಗಿಹೋಗಿ ಆ ಹೆಸರಿನ ಎರಡನೆಯ ಅರ್ಥವನ್ನೂ ಸಾರ್ಥಕಗೊಳಿಸಿದ್ದು ಕಾರ್ಡ್‌ಲೆಸ್ಸೇ.

ಈ ಉಪಕರಣಕ್ಕೆ ಎರಡು ಅಂಗಗಳು. ಒಂದು, ಟೆಲಿಫೋನ್ ತಂತಿಗೂ ಅಡಾಪ್ಟರಿನ ಮೂಲಕ ಮನೆಯ ವಿದ್ಯುತ್ತಿಗೂ ಸೇರಿಕೊಂಡು ಕದಲದೆ ಕೂರುವ ಬೇಸ್, ಅಂದರೆ ಪೀಠ. ಇನ್ನೊಂದು, ರೇಡಿಯೋ ಅಲೆಗಳ ಮೂಲಕ ಪೀಠದೊಡನೆ ಮಾತಾಡುತ್ತ ಮನೆಯೆಲ್ಲ ತಿರುಗುವ ಹ್ಯಾಂಡ್‌ಸೆಟ್. ಒಂದರ ಗುರುತನ್ನು ಇನ್ನೊಂದಕ್ಕೆ ಹಿಡಿಸುವುದಕ್ಕೆ ನೋಂದಣಿ ಎನ್ನುತ್ತಾರೆ. ಆಗ ಕೇಳುವ ಗುಪ್ತಸಂಖ್ಯೆ ಅನೇಕ ಮಾದರಿಗಳಲ್ಲಿ 0000 ಆಗಿರುವುದರಿಂದ ಅದನ್ನು ಬದಲಿಸಿಕೊಳ್ಳುವುದು ಲೇಸು. ಅನೇಕ ಕೈಪಿಡಿಗಳು ಮೊದಲ ಬಾರಿಗೆ ಸುಮಾರು 16 ಗಂಟೆ ಚಾರ್ಜ್ ಮಾಡಿದ ಬಳಿಕವೇ ಬಳಸಬೇಕೆಂದು ವಿಧಿಸುತ್ತವೆ. ರಾಹುಕಾಲ ಕಳೆಯಲೆಂದು ಒಂದೂವರೆ ಗಂಟೆ ಮರುಮಾತಿಲ್ಲದೆ ಕಾಯುವ ಅಜ್ಜಿಗೆ ಈ 16 ಗಂಟೆಯನ್ನು ಮಾತ್ರ ಸಹಿಸಲಾಗುವುದಿಲ್ಲ, ಹೊಸ ಫೋನು ಬಂದ ಸುದ್ದಿಯನ್ನು ಹೊಸ ಫೋನಿನಲ್ಲೇ ಹೇಳದಿದ್ದರೆ ಆ ಸುದ್ದಿಗೆ ಬೆಲೆಯೇನು ಎಂಬುದು ಅವರ ತರ್ಕ.

ಪೀಠವನ್ನು ಎಲ್ಲಿ ಸ್ಥಾಪಿಸಬೇಕೆಂಬ ವಿಚಾರದಲ್ಲಿ ಕುಟುಂಬವು ಪಂಗಡಗಳಾಗಿ ಒಡೆಯುತ್ತದೆ. ಟೀವಿಯ ಪಕ್ಕ ಎಂಬುದು ಗಂಡಸರ ಪಕ್ಷ, ಫ್ರಿಜ್ಜಿನ ಮೇಲೆ ಎಂಬುದು ಅಡುಗೆಮನೆಯ ಪಕ್ಷ, ಬೆಲೆಬಾಳುವ ಸಾಮಾನಾದ್ದರಿಂದ ಚೌಡೇಶ್ವರಿಯ ಪಟದ ಕೆಳಗೆ ಎಂಬುದು ಅಜ್ಜಿಯ ಪಕ್ಷ. ವಿಜ್ಞಾನ ಮೂವರನ್ನೂ ಒಪ್ಪುವುದಿಲ್ಲ: ಟೀವಿ, ಮೈಕ್ರೋವೇವ್, ಫ್ರಿಜ್ಜುಗಳ ನೆರೆಯಲ್ಲಿ ಗೊರಗೊರ ಸದ್ದು ಸೇರಿಕೊಳ್ಳಬಹುದು, ದೀಪದ ಎಣ್ಣೆಯೂ ಅಭಿಷೇಕದ ನೀರೂ ಅಡಾಪ್ಟರಿಗೆ ಹಿತವಲ್ಲ. ಮನೆಯ ನಡುಭಾಗದಲ್ಲಿ, ತುಸು ಎತ್ತರದಲ್ಲಿ, ಬಿಸಿಲು ಬೀಳದ ಗಾಳಿಯಾಡುವ ಕಡೆ ಇಡುವುದು ಸರಿ. ಈಗಿನ ಡೆಕ್ಟ್ ಎಂಬ ಪದ್ಧತಿಯ ಫೋನುಗಳು 1880ರಿಂದ 1900 ಮೆಗಾಹರ್ಟ್ಸ್ ತರಂಗಗಳಲ್ಲಿ ಕೆಲಸ ಮಾಡುತ್ತವೆ. ಅವುಗಳ ಹರವು ಬಯಲಿನಲ್ಲಿ 300 ಮೀಟರು, ಗೋಡೆಗಳ ಒಳಗೆ ಸುಮಾರು 50 ಮೀಟರು ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಆ ಡಬ್ಬ ಬರೆದವರು ಧರ್ಮಪುರಿಯ ಹಳೆಯ ಕಲ್ಲುಗೋಡೆಯ ಮನೆಗಳನ್ನು ಕಂಡವರಲ್ಲ.

ಬ್ಯಾಟರಿಯ ವಿಚಾರದಲ್ಲಿ ತಮಾಷೆ ಸಲ್ಲದು. ಹ್ಯಾಂಡ್‌ಸೆಟ್ಟಿನಲ್ಲಿರುವುದು ಸಾಮಾನ್ಯವಾಗಿ 1.2 ವೋಲ್ಟಿನ ಎರಡು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು, ಅಂದರೆ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದವು. ಅವು ಸೋತಾಗ ಗಡಿಯಾರದಿಂದ ಕಿತ್ತ ಮಾಮೂಲಿ ಸೆಲ್ಲನ್ನು ತುರುಕುವ ಜಾಣತನ ಮನೆಗೊಬ್ಬರಲ್ಲಾದರೂ ಇರುತ್ತದೆ. ಮಾಮೂಲಿ ಸೆಲ್ಲಿಗೆ ಪೀಠವು ವಿದ್ಯುತ್ ತುಂಬಲು ಹೊರಟರೆ ಅದು ಕಾದು, ಸೋರಿ, ಒಮ್ಮೊಮ್ಮೆ ಸಿಡಿಯಲೂಬಹುದು.

ಇದರಷ್ಟೇ ಅಪಾಯಕಾರಿಯಾದದ್ದು ಅಮೆರಿಕದ ಪ್ರೀತಿ. ಕೂತಲ್ಲೇ ಹೊರನಾಡಿಗರಾದ ಮನೆಯಿಂದ ನಿಜಕ್ಕೂ ಎದ್ದು ಹೋಗಿ ನ್ಯೂಜೆರ್ಸಿ ಸೇರಿದ ಮಗ ರಜೆಗೆ ಬರುವಾಗ ಬಾದಾಮಿ, ಚಾಕಲೇಟುಗಳ ನಡುವೆ ಕಾರ್ಡ್‌ಲೆಸ್ ಫೋನೊಂದನ್ನು ಹುದುಗಿಸಿ ತರುವುದುಂಟು. ಅಲ್ಲಿಯ ಅಡಾಪ್ಟರು ಹೆಚ್ಚಾಗಿ 120 ವೋಲ್ಟಿಗೆ ಮಾತ್ರ ಮಾಡಿದ್ದು. ಸೇಲಂನ 230 ವೋಲ್ಟನ್ನು ಅದಕ್ಕೆ ಕುಡಿಸಿದರೆ ಹೊಗೆಯನ್ನು ನೋಡಲು ಹೊಗೇನಕಲ್ಲಿನ ತನಕ ಹೋಗಬೇಕಾಗಿಲ್ಲ. ಬದಲಿ ಅಡಾಪ್ಟರು ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ, ಏಕೆಂದರೆ ಅಮೆರಿಕದ ಈ ಫೋನುಗಳು ಬಳಸುವ 1920ರಿಂದ 1930 ಮೆಗಾಹರ್ಟ್ಸ್ ಪಟ್ಟಿಯು ಭಾರತದಲ್ಲಿ ಮೊಬೈಲ್ ಜಾಲಗಳಿಗೆ ಕೊಟ್ಟ ಪಟ್ಟಿಯೊಳಕ್ಕೆ ಕಾಲು ಚಾಚುತ್ತದೆ, ಅಜ್ಜಿಯ ಹರಟೆ ಬೀದಿಯವರ ಮೊಬೈಲಿಗೆ ಅಡ್ಡಿಯಾಗಬಲ್ಲದು. ಇಂಥ ಫೋನನ್ನು ಷೋಕೇಸಿನಲ್ಲಿಟ್ಟು ಬಂದವರಿಗೆ ತೋರಿಸುವುದೇ ಅದರ ಸುರಕ್ಷಿತ ಬಳಕೆ.

ಮಗ್ಗದ ಮನೆಗೆ ಕಾರ್ಡ್‌ಲೆಸ್ಸು ಮಾಡಿದ ಉಪಕಾರವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಕುಣಿಮಗ್ಗವೆಂದರೆ ನೇಕಾರನು ನೆಲದ ಅಂಚಿನಲ್ಲಿ ಕೂತು, ಕುಣಿಯೊಳಗೆ ಇಳಿಬಿಟ್ಟ ಕಾಲುಗಳಿಂದ ತುಳಿಗೋಲನ್ನು ತುಳಿದು ನಡೆಸುವ ಮಗ್ಗ. ಸೇಲಂನ ಹೆಸರಾಂತ ವೆಣ್ಪಟ್ಟು, ಅಂದರೆ ಬಿಳಿ ರೇಷ್ಮೆಯ ಪಂಚೆ ನೇಯುತ್ತ ಕೂತವನು ನಡುಮನೆಯ ಫೋನಿಗಾಗಿ ಪ್ರತಿಸಲ ಕುಣಿಯಿಂದ ಕಾಲೆತ್ತಿ ಎದ್ದು ಓಡುವಷ್ಟರಲ್ಲಿ ಗಂಟೆ ನಿಂತಿರುತ್ತಿತ್ತು, ಮೊಣಕಾಲೂ ಲಟಕ್ಕೆಂದಿರುತ್ತಿತ್ತು. ಹ್ಯಾಂಡ್‌ಸೆಟ್ಟು ಮಗ್ಗದ ಬಳಿಗೇ ಬಂದ ಮೇಲೆ ಈ ಓಟ ತಪ್ಪಿತು. ಆದರೆ ಅದನ್ನು ಮಗ್ಗದ ಚೌಕಟ್ಟಿನ ಮೇಲೆ ಇಡುವುದು ತರವಲ್ಲ: ಹಲಗೆಯ ಪ್ರತಿ ಬಡಿತಕ್ಕೂ ಅದು ಕೂದಲೆಳೆಯಷ್ಟು ಸರಿದು, ಹತ್ತಿಪ್ಪತ್ತು ಎಳೆ ನೇಯುವುದರೊಳಗೆ ಅಂಚಿಗೆ ಬಂದು, ಸರಿಯಾಗಿ ವ್ಯಾಪಾರಿಯು ಕೂಲಿಯ ಲೆಕ್ಕ ಹೇಳುವ ಗಳಿಗೆಯಲ್ಲಿ ಕುಣಿಗೆ ಬೀಳುತ್ತದೆ, ಕುಣಿಯ ಕತ್ತಲೆಯಿಂದ 'ಅಲೋ, ಅಲೋ' ಎಂಬ ತಮಿಳು ಕೇಳುತ್ತಲೇ ಇರುತ್ತದೆ.

ಗೋಡೆಗೆ ಗೋಡೆ ಹೊಂದಿದ ನೇಕಾರರ ಬೀದಿಗಳಲ್ಲಿ ಹಳೆಯ ಅನಲಾಗ್ ಕಾರ್ಡ್‌ಲೆಸ್ಸುಗಳು ಇನ್ನೊಂದು ಬಗೆಯ ಸಮಾಜಸೇವೆಯನ್ನೂ ಮಾಡುತ್ತಿದ್ದವು. ಅವು ಮಾತನ್ನು ಇದ್ದಂತೆಯೇ ಗಾಳಿಗೆ ಬಿಡುತ್ತಿದ್ದುದರಿಂದ ಅದೇ ಚಾನೆಲ್ಲಿನ ಪಕ್ಕದ ಮನೆಯ ಹ್ಯಾಂಡ್‌ಸೆಟ್ಟಿನಲ್ಲಿ ಇಲ್ಲಿಯ ಹೆಣ್ಣು ಕೇಳುವ ಶಾಸ್ತ್ರದ ಗುಟ್ಟು ಕೇಳಿಸುವುದು ಸಾಧ್ಯವಿತ್ತು; ಭದ್ರತೆಯ ಸಂಕೇತವಿಲ್ಲದ ಅಗ್ಗದ ಮಾದರಿಯಾದರೆ ಪಕ್ಕದವರು ಇಲ್ಲಿಯ ಲೈನಿನಲ್ಲಿ ಮಾತಾಡಿ ಬಿಲ್ಲನ್ನು ಇಲ್ಲಿಗೇ ಬಿಡುವುದೂ ಸಾಧ್ಯವಿತ್ತು. ಡೆಕ್ಟ್ ಫೋನು ಮಾತನ್ನು ಅಂಕಿಗಳಾಗಿಸಿ ಗೂಢಲಿಪಿಯಲ್ಲಿ ಕಳಿಸುವುದರಿಂದ ಈ ಬಾಬತ್ತು ಬಹುಪಾಲು ನಿಂತಿದೆ. ಮನೆಯೊಳಗಿನ ಕದ್ದಾಲಿಕೆಗೆ ಮಾತ್ರ ಯಾವ ಗೂಢಲಿಪಿಯೂ ಇಲ್ಲವಾದ್ದರಿಂದ ಸೊಸೆಯು ಹ್ಯಾಂಡ್‌ಸೆಟ್ಟು ಹಿಡಿದು 'ಮಾಡಿ'ಗೆ ಹೋಗುತ್ತಾಳೆ. ತಮಿಳಿನ ಮಾಡಿ ಎಂದರೆ ಕನ್ನಡದ ಮಹಡಿ. ಮೈಸೂರು ಸೀಮೆಯಿಂದ ಬಂದ ಹೊಸ ಸೊಸೆಯಾದರೆ 'ಮಾಡಿ' ಎಂದಾಗ ಏನು ಮಾಡಬೇಕೆಂದು ನಿಲ್ಲುತ್ತಾಳೆ, ನೆರೆಮನೆಯ ತಮಿಳಾಕೆ 'ಫೋನ್ ವಯ್ಯಿ', ಅಂದರೆ ಫೋನ್ ಇಡು, ಎಂದಾಗ ಯಾರನ್ನು ಬಯ್ಯಬೇಕೆಂದು ಯೋಚಿಸುತ್ತಾಳೆ. 2015ರ ಮೇ 1ರಿಂದ ಬಿಎಸ್ಎನ್ಎಲ್ ಸಂಸ್ಥೆಯು ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಸ್ಥಿರ ದೂರವಾಣಿಯ ಕರೆಗಳನ್ನು ಉಚಿತಗೊಳಿಸಿದಾಗ ಈ ಮಹಡಿ ಸಂಭಾಷಣೆಗಳು ಹುಲುಸಾದವು. ಆ ಹತ್ತು ಗಂಟೆಯ ಅವಧಿಗೂ ಹೊಸ ಬ್ಯಾಟರಿಯ ಮಾತಿನ ತಾಳಿಕೆಗೂ ಹೆಚ್ಚುಕಡಿಮೆ ತಾಳೆಯಾಗುತ್ತಿದ್ದುದು ಕಾಕತಾಳೀಯವೇ ಇರಬೇಕು.

ಬಾಲ ಕಳಚಿಕೊಂಡದ್ದಕ್ಕೆ ತೆರಬೇಕಾದ ದಂಡವೂ ಒಂದಿದೆ. ಹಳೆಯ ಫೋನು ತನಗೆ ಬೇಕಾದ ಸುಮಾರು 48 ವೋಲ್ಟಿನ ವಿದ್ಯುತ್ತನ್ನು ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ತಂತಿಯ ಮೂಲಕವೇ ಪಡೆಯುತ್ತಿದ್ದುದರಿಂದ ಊರೆಲ್ಲ ಕತ್ತಲಾದರೂ ಅದು ಮಾತಾಡುತ್ತಿತ್ತು. ಕಾರ್ಡ್‌ಲೆಸ್ಸಿನ ಪೀಠಕ್ಕೆ ಮನೆಯ ಕರೆಂಟೇ ಗತಿ, ಅದು ಹೋದರೆ ಹ್ಯಾಂಡ್‌ಸೆಟ್ಟಿನ ಬ್ಯಾಟರಿ ತುಂಬಿದ್ದರೂ ಪ್ರಯೋಜನವಿಲ್ಲ. 2012ರ ಸುಮಾರಿಗೆ ಚೆನ್ನೈ ಹೊರಗಿನ ಜಿಲ್ಲೆಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟು ಹೋಗುತ್ತಿದ್ದಾಗ ಮೂಲೆ ಸೇರಿದ್ದ ಹಳೆಯ ಬಾಲದ ಫೋನುಗಳು ಅಟ್ಟದಿಂದ ಮರ್ಯಾದೆಯೊಂದಿಗೆ ಇಳಿದುಬಂದವು. ರಾತ್ರಿ ಹೊತ್ತಿನಲ್ಲಿ 108ರ ಆಂಬುಲೆನ್ಸನ್ನು ಕರೆಯಬೇಕಾದ ಪ್ರಸಂಗ ಕರೆಂಟು ಬರುವವರೆಗೆ ಕಾಯುವುದಿಲ್ಲವಾದ್ದರಿಂದ, ತಂತಿಯ ಫೋನೊಂದನ್ನು ಅದೇ ಲೈನಿಗೆ ಜೋಡಿಸಿಟ್ಟುಕೊಳ್ಳುವುದು ಇಂದಿಗೂ ಬುದ್ಧಿವಂತಿಕೆ. ಬೇಸಿಗೆಯ ಸಂಜೆ ಏರ್ಕಾಡು ಬೆಟ್ಟದ ಮೇಲೆ ಗುಡುಗಲು ಶುರುವಾದರೆ ಮಾತ್ರ ತಂತಿಯ ಫೋನನ್ನು ಮುಟ್ಟಬಾರದು, ಸಿಡಿಲು ಹತ್ತಿರ ಬರುವ ಮುನ್ನವೇ ಪೀಠದ ಎರಡೂ ತಂತಿಗಳನ್ನು ಕಿತ್ತಿಡಬೇಕು. ಕರೆಂಟಿನ ಪ್ಲಗ್ಗನ್ನು ಕಿತ್ತು ಟೆಲಿಫೋನ್ ತಂತಿಯನ್ನು ಹಾಗೇ ಬಿಡುವುದು ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತೆ.

ಇನ್ನು ಹೆಸರುಗಳನ್ನು ತುಂಬಿಸುವ ಕೆಲಸ. ಆಡುವುದು ಕನ್ನಡ, ಬರೆಯಬಲ್ಲದ್ದು ತಮಿಳು, ಹ್ಯಾಂಡ್‌ಸೆಟ್ಟಿನ ಪುಟ್ಟ ಪರದೆಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ. ಹೀಗಾಗಿ 'ದೊಡ್ಡಪ್ಪ'ನು ಮೂರು ಲಿಪಿಗಳ ಗಾಣಕ್ಕೆ ಸಿಕ್ಕಿ, ಜಾಗ ಸಾಲದೆ ಬಾಲವನ್ನೂ ಕಳೆದುಕೊಂಡು 'ದೊಡ್ಡ' ಎಂದಷ್ಟೇ ಮಿನುಗುತ್ತಾನೆ, ಬಂದ ಕರೆ ದೊಡ್ಡಪ್ಪನದೋ ದೊಡ್ಡಮ್ಮನದೋ ಎಂಬುದು ಎತ್ತಿದ ಮೇಲಷ್ಟೇ ತಿಳಿಯುತ್ತದೆ. ಸಂಖ್ಯೆಗಳು ಇದಕ್ಕಿಂತ ಶಿಸ್ತಿನವು: ಸೇಲಂಗೆ 0427 ಮತ್ತು ಏಳಂಕಿ, ಧರ್ಮಪುರಿಗೆ 04342 ಮತ್ತು ಆರಂಕಿ, ಬೆಂಗಳೂರಿಗೆ 080 ಮತ್ತು ಎಂಟಂಕಿ, ಹೇಗೆ ಕೂಡಿದರೂ ಹನ್ನೊಂದು. 2021ರ ಜನವರಿ 15ರಿಂದ ಮನೆಯ ಫೋನಿನಿಂದ ಯಾವ ಮೊಬೈಲಿಗೆ ಕರೆ ಮಾಡುವುದಿದ್ದರೂ ಮೊದಲು ಸೊನ್ನೆ ಒತ್ತಬೇಕು.

ಕಳೆದುಹೋದ ಹ್ಯಾಂಡ್‌ಸೆಟ್ಟನ್ನು ಹುಡುಕಲು ಪೀಠದ ಮೇಲೆ ಪೇಜ್ ಎಂಬ ಗುಂಡಿಯಿದ್ದು, ಅದನ್ನು ಒತ್ತಿದರೆ ತೊಲಗಿದ ತೊಲೈಪೇಸಿ ಇದ್ದಲ್ಲಿಂದಲೇ ಕೂಗುತ್ತದೆ. ಬ್ಯಾಟರಿ ಸತ್ತಿದ್ದರೆ ಕೂಗುವುದಿಲ್ಲ, ಆಗ ಅಜ್ಜಿಯ ದಿಂಬಿನಡಿಯಿಂದ ಶೋಧ ಆರಂಭಿಸುವುದು ರೂಢಿ. ಈ ಸೀಮೆಯ ನೆಂಟರಿಗೆ ಫೋನು ಮಾಡುವ ಓದುಗರಲ್ಲಿ ಒಂದೇ ವಿನಂತಿ: ಆ ಕಡೆಯಿಂದ 'ಅಲೋ, ಯಾರು?' ಎಂದು ಕೇಳಿದಾಗ ದಯವಿಟ್ಟು 'ನಾನು' ಎನ್ನದೆ ಹೆಸರು ಹೇಳಿ.